ಕೊಡಗಿನ ಮನೆಗೆ ನೀಲಿ ಬೂದು ಬಣ್ಣ: ಶೇಡ್ ಕಾರ್ಡ್ ನಂಬಬೇಡಿ

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಶೇಡ್ ಕಾರ್ಡ್ ನೋಡಿ ನೀಲಿ ಬೂದು ಬಣ್ಣ ಆರಿಸಿದರೆ, ಜೂನ್ ಬರುವಷ್ಟರಲ್ಲಿ ಕೋಣೆ ಆಸ್ಪತ್ರೆಯ ವಾರ್ಡಿನಂತಾಗುತ್ತದೆ. ಮಡಿಕೇರಿ, ಭಾಗಮಂಡಲದ ಕಡೆ ಮಳೆ ಹಿಡಿದ ಮೇಲೆ ಕಿಟಕಿಯಿಂದ ಬರುವುದು ಮೋಡದ ತಣ್ಣನೆಯ ಬೆಳಕು. ಅದರಲ್ಲಿ ಈ ಬಣ್ಣದ ನೀಲಿ ಎದ್ದು ಕಾಣುತ್ತದೆ, ಗೋಡೆ ಮಂಕಾಗುತ್ತದೆ.

ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಪುತ್ತರಿ ಹಬ್ಬಕ್ಕೆ ಮುಗಿಯಲಿ ಎಂದು ನವೆಂಬರ್‌ನಲ್ಲೇ ಶುರು ಮಾಡಿದರೆ ಗೋಡೆ ಆರಿರುವುದಿಲ್ಲ. ಅನುಮಾನವಿದ್ದರೆ ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಮೊದಲು ಹೆಂಚು, ನೀರಿನ ಪೈಪು, ಹೊರಗೋಡೆಯ ಬಿರುಕು ಸರಿಮಾಡಿಸಿ. ಒಳಗಡೆ ‘ಡ್ಯಾಂಪ್‌ಪ್ರೂಫ್’ ಬಳಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ನೀರು ಹಿಂದೆ ನಿಂತು, ಉಪ್ಪು ಉಬ್ಬಿ, ಬಣ್ಣ ಸಿಪ್ಪೆಯಾಗಿ ಏಳುತ್ತದೆ.

ಬೂಷ್ಟು ಇದ್ದಲ್ಲಿ ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿರಲಿ, ಬ್ಲೀಚ್‌ನೊಂದಿಗೆ ಆ್ಯಸಿಡ್ ಅಥವಾ ಬೇರೆ ಕ್ಲೀನರ್ ಬೆರೆಸಲೇಬಾರದು. ಗೋಡೆ ಆರಿದ ಮೇಲೆ ಪುಟ್ಟಿ, ಸ್ಯಾಂಡ್ ಪೇಪರ್, ಪ್ರೈಮರ್.

ಈಗ ಎಲ್ಲರೂ ತಪ್ಪುವ ಜಾಗ. ಎರಡು ಮೂರು ಶೇಡ್‌ಗಳ ಚಿಕ್ಕ ಡಬ್ಬಿ ತಂದು, ಬಿಳಿ ಪ್ರೈಮರ್ ಹಚ್ಚಿದ ಎರಡಡಿ ಪ್ಲೈವುಡ್ ತುಂಡುಗಳ ಮೇಲೆ ಎರಡು ಕೋಟ್ ಬಳಿಯಿರಿ, ಸುತ್ತ ಎರಡಿಂಚು ಬಿಳಿ ಬಿಡಿ. ಹಳೆಯ ಗೋಡೆಯ ಮೇಲೇ ಬಳಿದು ನೋಡಿದರೆ ಪಕ್ಕದ ಹಳದಿ ಬಣ್ಣ ನೀಲಿಯನ್ನು ಹೆಚ್ಚಿಸಿ ತೋರಿಸುತ್ತದೆ. ಹಲಗೆಯನ್ನು ಕಿಟಕಿಯ ಪಕ್ಕ, ಎದುರು ಗೋಡೆ, ಮೂಲೆ ಹೀಗೆ ಸರಿಸುತ್ತಾ ಬೆಳಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ನೋಡಿ. ಮೋಡ ಕವಿದ ದಿನ ಸಿಕ್ಕರೆ ಅದನ್ನು ಬಿಡಬೇಡಿ. ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ತುಸು ಹಸಿರು ಬೆರೆತ, ತಿಳಿಯಾದ ಶೇಡ್ ಆರಿಸಿ. ಗಾಢ ಬಣ್ಣ ಬಿಸಿಲು ಬೀಳುವ ಪಶ್ಚಿಮದ ಕೋಣೆಗಿರಲಿ. ರೆಡ್ ಆಕ್ಸೈಡ್ ನೆಲವಿದ್ದರೆ ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆದು ನೇರಳೆ ಛಾಯೆ ಬರುತ್ತದೆ. ಹಾಗಾಗಿ ಹಲಗೆಯನ್ನು ನೆಲಕ್ಕೆ ತಾಗಿಸಿಯೂ ನಿಲ್ಲಿಸಿ ನೋಡಿ. ಬಲ್ಬು 6500 ಕೆಲ್ವಿನ್‌ನ, ಅಂದರೆ ತಣ್ಣನೆಯ ನೀಲಿಬಿಳಿ ಬೆಳಕಿನದ್ದಾದರೆ ಒಳ್ಳೆಯ ಶೇಡ್ ಕೂಡ ಕೆಡುತ್ತದೆ, ಬೆಚ್ಚನೆಯ ಹಳದಿ ಬೆಳಕಿನ 3000ದ್ದು ಹಾಕಿ.

10 ಅಡಿ ಎತ್ತರದ, 10×12 ಅಡಿ ಕೋಣೆಗೆ ಬಾಗಿಲು, ಕಿಟಕಿ ಕಳೆದರೆ ಸುಮಾರು 380 ಚದರ ಅಡಿ ಗೋಡೆ. ಎರಡು ಕೋಟ್‌ಗೆ 7 ಲೀಟರ್ ಎಮಲ್ಷನ್ ಲೆಕ್ಕ ಹಾಕಿ. ಎಲ್ಲವನ್ನೂ ಒಂದೇ ಬ್ಯಾಚ್‌ನಲ್ಲಿ ತಂದು ದೊಡ್ಡ ಬಕೆಟ್‌ನಲ್ಲಿ ಬೆರೆಸಿ. ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ನೀರು ಸುರಿಯಲು ಪೇಂಟರ್‌ಗೆ ಬಿಡಬೇಡಿ, ಬಣ್ಣ ಪಟ್ಟೆಪಟ್ಟೆಯಾಗುತ್ತದೆ. ಅರ್ಧ ಆರಿದ ಜಾಗದ ಮೇಲೆ ರೋಲರ್ ಮತ್ತೆ ಓಡಿಸಿದರೂ ಅಷ್ಟೇ.

ಪೂರ್ತಿ ಮ್ಯಾಟ್ ಬೇಡ, ಕೈಗುರುತು ಹೋಗುವುದಿಲ್ಲ. ಪೂರ್ತಿ ಹೊಳಪಿನದೂ ಬೇಡ, ಸಾರಣೆಯ ಏರಿಳಿತ ಬಯಲಾಗುತ್ತದೆ. ನಡುವಿನ ಹೊಳಪಿನದೇ ಸರಿ. ಛಾವಣಿಗೆ ಕೆನೆಬಿಳಿ ಬಳಿಯಿರಿ. ಮರದ ಬಾಗಿಲು, ಕಿಟಕಿಗಳಿಗೆ ಪೇಂಟ್ ಮುಟ್ಟಿಸಬೇಡಿ, ವಾರ್ನಿಷ್ ಸಾಕು. ಹಲಸು, ಬೀಟೆಯ ಕಂದು ಈ ಗೋಡೆಗೆ ಚೆನ್ನಾಗಿ ಹೊಂದುತ್ತದೆ. ಉಳಿದ ಬಣ್ಣವನ್ನು ಗಾಳಿಯಾಡದ ಡಬ್ಬಿಗೆ ತುಂಬಿ, ಶೇಡ್ ನಂಬರ್ ಬರೆದಿಡಿ.