ಒಂದು ನಿಮಿಷ, ಒಂದೇ ಶಾಟ್: ಊರಿನ ಮಕ್ಕಳಿಗೆ ಸಿನಿಮಾ ಕಲಿಸುತ್ತಾ

ಸಾಗರ, ಸೊರಬ, ಹೊಸನಗರದ ಕಡೆ ಹೈಸ್ಕೂಲು, ಪಿಯು, ಡಿಗ್ರಿ ಕಾಲೇಜುಗಳಲ್ಲಿ ನಾನು ಸಿನಿಮಾ ಮತ್ತು ಮಾಧ್ಯಮದ ಕಾರ್ಯಾಗಾರ ನಡೆಸುತ್ತೇನೆ. ಹೆಚ್ಚಿನವು ಎರಡು ದಿನದವು. ಕರೆಯುವವರು ಮೊದಲು ಕೇಳುವುದು ಒಂದೇ: "ಮೇಡಂ, ಮಕ್ಕಳ ಹತ್ರ ಒಂದು ಶಾರ್ಟ್ ಫಿಲ್ಮ್ ಮಾಡಿಸ್ತೀರಲ್ವಾ?" ಮೊದಲ ದಿನ ಮಾಡಿಸುವುದಿಲ್ಲ ಅನ್ನುತ್ತೇನೆ. ಮೊದಲ ದಿನ ಕತೆ ಇಲ್ಲ, ಡೈಲಾಗ್ ಇಲ್ಲ, ಎಡಿಟಿಂಗ್ ಇಲ್ಲ, ಹಿನ್ನೆಲೆ ಸಂಗೀತವಂತೂ ಇಲ್ಲವೇ ಇಲ್ಲ. ಪ್ರತಿಯೊಬ್ಬರಿಗೂ ಒಂದು ನಿಮಿಷ, ಒಂದೇ ಶಾಟ್, ಅಂದರೆ ಕ್ಯಾಮೆರಾ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆದ ದೃಶ್ಯ. ಫೋನ್ ಅಲುಗಾಡಬಾರದು. ಜೂಮ್ ಮಾಡಬಾರದು.

ಯಾಕೆ ಅಂದರೆ, ಕತೆ ಮಾಡಿ ಅಂದ ತಕ್ಷಣ ಮಕ್ಕಳು ತಾವು ನೋಡಿದ ಸಿನಿಮಾನೇ ಮತ್ತೆ ಮಾಡುತ್ತಾರೆ. ಒಬ್ಬ ಕುಡುಕ ಅಪ್ಪ, ಒಂದು ಸ್ಲೋ ಮೋಷನ್, ಕೊನೆಗೆ ಒಂದು ಸಂದೇಶ. ಅವರ ಮನೆ, ಅವರ ಊರು, ದಿನಾ ಹತ್ತುವ ಬಸ್ಸು ಅದರಲ್ಲಿ ಎಲ್ಲೂ ಇರುವುದಿಲ್ಲ. ಕತೆಯನ್ನು ಪಕ್ಕಕ್ಕಿಟ್ಟರೆ ಉಳಿಯುವುದು ನೋಡುವುದೊಂದೇ. ಫೋನನ್ನು ಎಲ್ಲಿಡಬೇಕು, ಯಾವಾಗ ಶುರು ಮಾಡಬೇಕು, ಚೌಕಟ್ಟಿನ ಒಳಗೆ ಏನಿರಬೇಕು, ಯಾವುದು ಹೊರಗೆ ಉಳಿಯಬೇಕು. ಈ ನಾಲ್ಕು ತೀರ್ಮಾನ ಮಾಡಲು ಬಂದರೆ ಸಿನಿಮಾದ ಅರ್ಧ ಕೆಲಸ ಬಂದಂತೆ ಎಂದು ನಾನು ನಂಬಿದ್ದೇನೆ.

ಈ ಅಭ್ಯಾಸ ನಾನು ಕಂಡುಹಿಡಿದದ್ದಲ್ಲ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಸಿನಿಮಾ ತೋರಿಸಲು ಶುರು ಮಾಡಿದಾಗ ಅವರ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದದ್ದು ಸುಮಾರು 17 ಮೀಟರ್ ಫಿಲ್ಮ್. ಐವತ್ತು ಸೆಕೆಂಡಿನ ಆಸುಪಾಸಿನಲ್ಲಿ ಅದು ಮುಗಿದುಹೋಗುತ್ತಿತ್ತು. ಮುಂದೆ 1995ರಲ್ಲಿ, ಸಿನಿಮಾಕ್ಕೆ ನೂರು ತುಂಬಿದ ಹೊತ್ತಿಗೆ, ಪ್ಯಾರಿಸ್‌ನ ಸಿನೆಮಾಥೆಕ್ ಫ್ರಾನ್ಸೇಸ್ ಎಂಬ ಸಿನಿಮಾ ಸಂಗ್ರಹಾಲಯ ಶಾಲಾ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿತು. ವಿಮರ್ಶಕ ಅಲೆನ್ ಬೆರ್ಗಾಲಾ ಅದಕ್ಕೆ ವರ್ಷಗಟ್ಟಲೆ ಮಾರ್ಗದರ್ಶನ ಮಾಡಿದರು. ಲೂಮಿಯೇರ್‌ಗಳ ಹಾಗೆಯೇ ಒಂದು ನಿಮಿಷ, ಒಂದೇ ಶಾಟ್ ತೆಗೆಯಿರಿ ಎನ್ನುವುದು ಅಲ್ಲಿನ ಮಕ್ಕಳ ಮೊದಮೊದಲ ಪಾಠಗಳಲ್ಲಿ ಒಂದು. ನಾನು ಅದನ್ನು ಹಾಗೇ ತೆಗೆದುಕೊಂಡು ನಮ್ಮೂರಿಗೆ ಹೊಂದಿಸಿಕೊಂಡೆ.

ಮೊದಲ ಅರ್ಧ ಗಂಟೆ ಫೋನಿಗೇ ಹೋಗುತ್ತದೆ. ಫ್ಲೈಟ್ ಮೋಡ್ ಹಾಕಿಸುತ್ತೇನೆ, ಇಲ್ಲದಿದ್ದರೆ ಶಾಟ್ ಮಧ್ಯೆ ಫೋನ್ ಬರುವುದು ಗ್ಯಾರಂಟಿ. ಫೋನ್ ಅಡ್ಡ ಹಿಡಿಯಬೇಕು. ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಬೇಕು. ಜೇಬಿನ ಎಣ್ಣೆ, ಬೆವರಿನಿಂದ ಚಿತ್ರ ಮಂಜಾಗುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಬೇಕು. ಇದನ್ನು ಮಾಡದೇ ಇದ್ದರೆ ಬಿಳಿ ಅಂಗಿಯವರು ಯಾರಾದರೂ ಅಡ್ಡ ಬಂದಾಗ ಇಡೀ ಚಿತ್ರ ಕಪ್ಪಾಗಿ, ಮತ್ತೆ ಬೆಳ್ಳಗಾಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಪಟ್ಟೆ ಪಟ್ಟೆ ಓಡುವುದು ನಮ್ಮ ಕರೆಂಟು 50 ಹರ್ಟ್ಸ್ ಆಗಿರುವುದರಿಂದ. ಕ್ಯಾಮೆರಾದ ಸೆಟ್ಟಿಂಗ್ ನಾವೇ ಬದಲಿಸಬಹುದಾದ ಪ್ರೊ ಮೋಡ್ ಇರುವ ಫೋನಿನಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಆ ಕಾಟ ಹೆಚ್ಚುಕಮ್ಮಿ ತಪ್ಪುತ್ತದೆ. ಟ್ರೈಪಾಡ್ ಕೊಡುವುದಿಲ್ಲ. ಅಕ್ಕಿ ತುಂಬಿದ ಸಣ್ಣ ಚೀಲ, ಎರಡು ಇಟ್ಟಿಗೆ, ಕಿಟಕಿ ಕಟ್ಟೆ, ಯಾವುದಾದರೂ ಆದೀತು.

ಶಾಟ್ ತೆಗೆಯುವುದು ಸಂಜೆ, ಅವರವರ ಮನೆ ಹತ್ತಿರ. ಮರುದಿನ ಬೆಳಗ್ಗೆ ಎಲ್ಲರೂ ಸೇರಿ ನೋಡುತ್ತೇವೆ. ನನ್ನ ಪ್ರಕಾರ ಕಾರ್ಯಾಗಾರದ ಜೀವ ಇರುವುದು ಈ ನೋಡುವ ಹೊತ್ತಿನಲ್ಲಿ. ಇದಕ್ಕೆ ಎರಡು ನಿಯಮ ಇದೆ. ತೆಗೆದವರು ಕೊನೆಯವರೆಗೂ ಬಾಯಿ ಬಿಡುವ ಹಾಗಿಲ್ಲ. ಉಳಿದವರು "ಚೆನ್ನಾಗಿದೆ", "ಸೂಪರ್" ಅನ್ನುವ ಹಾಗಿಲ್ಲ. ಏನು ಕಂಡಿತು, ಏನು ಕೇಳಿಸಿತು ಅಷ್ಟೇ ಹೇಳಬೇಕು.

ಒಂಬತ್ತನೇ ಕ್ಲಾಸಿನ ಒಬ್ಬಳು ತಂದ ಶಾಟ್ ಹೇಳುತ್ತೇನೆ. ಅಡಿಕೆ ಕೊಯ್ಲಿನ ಸಮಯ. ಮನೆಯ ಚಪ್ಪರದಡಿ ಅಜ್ಜಿ ಅಡಿಕೆ ಸುಲಿಯುತ್ತಿದ್ದಾರೆ. ಹುಡುಗಿ ಫೋನನ್ನು ನೆಲಕ್ಕೆ ಹತ್ತಿರ ಇಟ್ಟಿದ್ದಾಳೆ. ಚೌಕಟ್ಟಿನಲ್ಲಿ ಇರುವುದು ಮೆಟ್ಟುಗತ್ತಿ, ಅಜ್ಜಿಯ ಎರಡು ಕೈ, ಪಕ್ಕದಲ್ಲಿ ಹಸಿ ಅಡಿಕೆಯ ರಾಶಿ. ಮುಖ ಇಲ್ಲ. ಕತ್ತಿಗೆ ಒತ್ತುವುದು, ತಿರುಗಿಸುವುದು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಎಡಗಡೆ ಸುಮಾರು ಜಾಗ ಖಾಲಿ ಬಿಟ್ಟಿದೆ. ಅಷ್ಟರಲ್ಲಿ ಅಜ್ಜಿಯ ದನಿ ಕೇಳುತ್ತದೆ: "ಎಂತ ಮಾಡ್ತೀಯೆ ಅದನ್ನ ಹಿಡ್ಕಂಡು, ಬಾ ಸುಲಿ." ಕೈ ನಿಲ್ಲುವುದಿಲ್ಲ. ಆಮೇಲೆ ಎಡಗಡೆಯಿಂದ ಬೇರೆ ಎರಡು ಕೈ ಬಂದು ಒಂದು ಬುಟ್ಟಿ ಅಡಿಕೆಯನ್ನು ರಾಶಿಗೆ ಸುರಿದು ಹೋಗುತ್ತವೆ. ಅಜ್ಜಿಯ ಕೈ ಒಂದು ಕ್ಷಣ ತಡೆದು ಮತ್ತೆ ಅದೇ ವೇಗಕ್ಕೆ ಬರುತ್ತದೆ. ನಿಮಿಷ ಮುಗಿಯಿತು.

ಒಬ್ಬ ಹುಡುಗ ಹೇಳಿದ: "ಅಜ್ಜಿ ಮುಖಾನೇ ಕಾಣ್ತಿಲ್ಲ." ಇನ್ನೊಬ್ಬಳು: "ಬೈಯೋದು ಕೇಳಿಸ್ತು, ಆದ್ರೆ ಕೋಪ ಇಲ್ಲ." ಹಿಂದಿನ ಬೆಂಚಿನಿಂದ ಮತ್ತೊಬ್ಬ: "ಸುಲಿದಷ್ಟೂ ರಾಶಿ ಜಾಸ್ತಿ ಆಗ್ತಾ ಇದೆ." ಕೊನೆಗೆ ತೆಗೆದವಳ ಸರದಿ. ಎಡಗಡೆ ಯಾಕೆ ಅಷ್ಟು ಜಾಗ ಬಿಟ್ಟೆ ಎಂದು ಕೇಳಿದೆ. "ಅಮ್ಮ ಬುಟ್ಟಿ ತಗೊಂಡು ಬರ್ತಾಳೆ ಅಂತ ಗೊತ್ತಿತ್ತು ಮೇಡಂ. ಅದಕ್ಕೇ ಆ ಕಡೆ ಬಿಟ್ಟಿದ್ದೆ."

ಚೌಕಟ್ಟಿನ ಹೊರಗಿನ ಜಗತ್ತು, ಒಳಗೆ ಬರುವವರಿಗಾಗಿ ಕಾಯುವುದು, ಕಾಣದವರ ದನಿಯನ್ನು ಬಳಸುವುದು. ಬೋರ್ಡಿನ ಮೇಲೆ ಬರೆದು ವಿವರಿಸಲು ಹೋದರೆ ಒಂದು ಸೆಮಿಸ್ಟರ್ ಬೇಕು. ಅವಳು ತನ್ನ ಮನೆಯ ಕೆಲಸದ ಲಯ ಗೊತ್ತಿದ್ದರಿಂದಲೇ ಅದನ್ನೆಲ್ಲ ಮಾಡಿದ್ದಳು. ನಾನು ಮಾಡಿದ್ದು ಆಮೇಲೆ ಅದಕ್ಕೆ ಹೆಸರು ಹೇಳಿಕೊಟ್ಟಿದ್ದು ಮಾತ್ರ.

ಕೂತು ಒಟ್ಟಿಗೆ ನೋಡಿ ಮಾತಾಡುವ ಈ ಕ್ರಮಕ್ಕೆ ನಮ್ಮ ಕಡೆ ದೊಡ್ಡ ಪರಂಪರೆಯೇ ಇದೆ. ಹೆಗ್ಗೋಡು ಇಲ್ಲಿಗೆ ಹತ್ತಿರ. 1949ರಲ್ಲಿ ಅಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, 1973ರಲ್ಲಿ ಚಿತ್ರಸಮಾಜ ಶುರು ಮಾಡಿ ಹಳ್ಳಿಯವರಿಗೆ ಜಗತ್ತಿನ ಒಳ್ಳೊಳ್ಳೆಯ ಸಿನಿಮಾ ತೋರಿಸಿತು. ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಇಲ್ಲಿಗೆ ಬಂದು ಸಿನಿಮಾ ರಸಗ್ರಹಣ ಶಿಬಿರ ನಡೆಸಿಕೊಟ್ಟರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದೆಯೇ ಎಂಬ ಅನುಮಾನವನ್ನು ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಇಟ್ಟುಕೊಳ್ಳಲೇ ಇಲ್ಲ. ಇವತ್ತು ಯಾವ ಶಾಲೆಗೆ ಹೋದರೂ ನಾನು ಆ ಧೈರ್ಯದ ಮೇಲೇ ನಿಂತಿರುತ್ತೇನೆ. ಆಗ ಕ್ಯಾಮೆರಾ ಕೈಗೆ ಸಿಗುತ್ತಿರಲಿಲ್ಲ, ಹಾಗಾಗಿ ನೋಡುವುದನ್ನು ಕಲಿಸಿದರು. ಈಗ ಕ್ಯಾಮೆರಾ ಮನೆಮನೆಯಲ್ಲೂ ಇದೆ, ತೆಗೆಯುತ್ತಲೇ ನೋಡುವುದನ್ನು ಕಲಿಸಬಹುದು.

ಮನೆಮನೆಯಲ್ಲೂ ಇದೆ ಅಂದೆ, ಆದರೆ ಎಲ್ಲರ ಕೈಯಲ್ಲಿ ಇಲ್ಲ. ಫೋನು ಅಪ್ಪನದು ಅಥವಾ ಅಣ್ಣನದು. ಹೆಣ್ಣುಮಕ್ಕಳಿಗೆ ಸಿಗುವುದು ಇನ್ನೂ ಕಡಿಮೆ. ಗುಂಪು ಮಾಡಿ ಸುಮ್ನೆ ಬಿಟ್ಟರೆ ಹುಡುಗರು ಕ್ಯಾಮೆರಾ ಹಿಡಿಯುತ್ತಾರೆ, ಹುಡುಗಿಯರು ಮೈಕ್ ಹಿಡಿದು ಆಂಕರ್ ಆಗುತ್ತಾರೆ. ಇದನ್ನು ನಾನು ಬಿಡುವುದಿಲ್ಲ. ಗುಂಪಿನ ಕೆಲಸದಲ್ಲಿ ನಾಲ್ಕು ಜನಕ್ಕೆ ಒಂದು ಫೋನು. ಕ್ಯಾಮೆರಾ, ಧ್ವನಿ, ನಿರ್ದೇಶನ, ಜನರ ಹತ್ತಿರ ಮಾತಾಡಿ ಒಪ್ಪಿಗೆ ಪಡೆಯುವುದು ಎಂದು ನಾಲ್ಕು ಕೆಲಸ. ಪ್ರತಿ ಶಾಟಿಗೂ ಕೆಲಸ ಬದಲಾಗಲೇಬೇಕು. ಮೊದಲ ದಿನದ ಒಂದು ನಿಮಿಷದ ಶಾಟನ್ನು ಫೋನಿಲ್ಲದವರು ಮನೆ ಹತ್ತಿರದ ಗೆಳತಿಯ ಜೊತೆ ಸೇರಿ ತೆಗೆಯಬಹುದು, ಇಲ್ಲದಿದ್ದರೆ ಶಾಲೆ ಬಿಡುವ ಮೊದಲೇ ನನ್ನ ಫೋನಿನಲ್ಲಿ ತೆಗೆಯಬಹುದು. ಸಂಜೆ ಬಸ್ಸು ತಪ್ಪಿದರೆ ಮರುದಿನ ಮನೆಯವರು ಕಳಿಸುವುದಿಲ್ಲ. ಹಾಗಾಗಿ ನಮ್ಮ ವೇಳಾಪಟ್ಟಿ ಬಸ್ಸಿನ ಟೈಮಿಗೆ ಹೊಂದಿಕೊಂಡೇ ಇರುತ್ತದೆ.

ಲೈಟಿನ ಪಾಠಕ್ಕೆ ಒಂದು ಮುಖ ನೋಡುವ ಕನ್ನಡಿ, ಒಂದು ಥರ್ಮಾಕೋಲ್ ಹಾಳೆ ಸಾಕು. ಈ ಪಾಠದಲ್ಲಿ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಹೆಸರು ಹೇಳದೆ ನಾನು ಮುಂದೆ ಹೋಗುವುದಿಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು. ಅವರು ಕ್ಯಾಮೆರಾ ಹಿಡಿದ, ಗುರುದತ್ ಅವರ 1959ರ ಹಿಂದಿ ಸಿನಿಮಾ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೊ ಮೇಲಿಂದ ಇಳಿಯುವ ಬೆಳಕಿನ ಕೋಲು ಹೆಸರುವಾಸಿ, ಅಲ್ವಾ? ಅದು ಕನ್ನಡಿಗಳಿಂದ ಒಳಗೆ ತಿರುಗಿಸಿದ ಬಿಸಿಲು. ಇದನ್ನು ಕೇಳಿದ ಮಕ್ಕಳು ಮಧ್ಯಾಹ್ನದ ಬಿಸಿಲನ್ನು ಕಿಟಕಿಯಿಂದ ಕ್ಲಾಸಿನ ಮೂಲೆಮೂಲೆಗೂ ಹೊಡೆಯುತ್ತಾರೆ. ಸ್ವಲ್ಪ ಗಲಾಟೆ ಆಗುತ್ತದೆ, ಆಗಲಿ.

ಎರಡನೇ ದಿನದ್ದು ಮಾಧ್ಯಮದ ಪಾಠ. ಕಾಲೇಜು ಮಕ್ಕಳಾದರೆ ವಾರದ ಸಂತೆಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲ ಗುಂಪಿನವರೂ ತೆಗೆದ ಶಾಟ್‌ಗಳನ್ನು ಒಂದೇ ಕಡೆ ಹಾಕಿ, ಅದರಲ್ಲಿ ಹತ್ತು ಹನ್ನೆರಡನ್ನು ಆರಿಸಿ ಎರಡು ತಂಡಕ್ಕೆ ಕೊಡುತ್ತೇನೆ. ಎರಡೂ ತಂಡಕ್ಕೆ ಅವೇ ಶಾಟ್‌ಗಳು. ಒಂದು ತಂಡ "ಟೊಮೆಟೊ ಬೆಲೆ ಕುಸಿತ, ರೈತ ಕಂಗಾಲು" ಎಂದು ಅರ್ಧ ನಿಮಿಷದ ಸುದ್ದಿ ಮಾಡಬೇಕು. ಇನ್ನೊಂದು ತಂಡ "ಸಂತೆಯಲ್ಲಿ ಭರ್ಜರಿ ವ್ಯಾಪಾರ" ಎಂದು ಮಾಡಬೇಕು. ಹೊಸದಾಗಿ ಏನನ್ನೂ ತೆಗೆಯುವಂತಿಲ್ಲ, ಸುಳ್ಳು ಶಾಟ್ ಸೇರಿಸುವಂತಿಲ್ಲ. ಕಾಲೇಜಿನ ಹಳೆಯ ಕಂಪ್ಯೂಟರಿಗೆ ಡಾವಿಂಚಿ ರಿಸಾಲ್ವ್‌ನಂಥ ಎಡಿಟಿಂಗ್ ಸಾಫ್ಟ್‌ವೇರ್ ಭಾರ. ಉಚಿತವಾಗಿ ಸಿಗುವ ಶಾಟ್‌ಕಟ್ ಇದಕ್ಕೆ ಧಾರಾಳ ಸಾಕು. ಫೈಲುಗಳನ್ನು ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಗುಣಮಟ್ಟ ಕೆಡುತ್ತದೆ. ಕೇಬಲ್ ಹಾಕಿ ತೆಗೆದುಕೊಳ್ಳಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ.

ಒಂದು ಸಲ ಆ ಶಾಟ್‌ಗಳಲ್ಲಿ ವ್ಯಾಪಾರಿಯೊಬ್ಬರು ಟವೆಲಿನಿಂದ ಮುಖ ಒರೆಸಿಕೊಳ್ಳುವ ಶಾಟ್ ಇತ್ತು. ಮೊದಲ ತಂಡ ಅದನ್ನು ಕೊಳೆತ ಟೊಮೆಟೊ ರಾಶಿಯ ಪಕ್ಕ ಇಟ್ಟಿತು. ನೋಡಿದವರಿಗೆಲ್ಲ ಅವರು ಅಳುತ್ತಿದ್ದಾರೆ ಅನ್ನಿಸಿತು. ಎರಡನೇ ತಂಡ ಅದೇ ಶಾಟನ್ನು ಮುಗಿಬಿದ್ದ ಜನರ ಶಾಟಿನ ನಂತರ ಇಟ್ಟಿತು. ಈಗ ಅವರು ವ್ಯಾಪಾರ ಮಾಡಿ ಮಾಡಿ ದಣಿದ ಮನುಷ್ಯ. ಕ್ಲಾಸು ಗಪ್‌ಚುಪ್. ಆ ಶಾಟ್ ತೆಗೆದ ಹುಡುಗ ಎದ್ದು ನಿಂತು ಹೇಳಿದ: "ಅವರು ಅಳ್ತಾನೂ ಇರ್ಲಿಲ್ಲ, ಏನೂ ಇಲ್ಲ. ಬಿಸಿಲಿಗೆ ಬೆವರು ಒರೆಸ್ಕೊಂಡ್ರು ಅಷ್ಟೇ ಮೇಡಂ."

ಆಗ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೊವ್ ಬಗ್ಗೆ ಹೇಳುತ್ತೇನೆ. ರಷ್ಯಾದ ಕ್ರಾಂತಿಯ ನಂತರ, 1919ರಲ್ಲಿ ಮಾಸ್ಕೋದಲ್ಲಿ ಸಿನಿಮಾ ಶಾಲೆ ತೆರೆಯಿತು. ಆಗ ಅಲ್ಲಿ ಫಿಲ್ಮಿಗೇ ಬರ. ಕುಲೆಶೊವ್ ತನ್ನ ವಿದ್ಯಾರ್ಥಿಗಳಿಂದ ಫಿಲ್ಮೇ ಇಲ್ಲದ ಸಿನಿಮಾಗಳನ್ನು ಆಡಿಸಿ ಕಲಿಸಿದ. ಒಬ್ಬ ನಟನ ಭಾವನೆ ಇಲ್ಲದ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಇಟ್ಟು ತೋರಿಸಿದರೆ, ನೋಡುವವರಿಗೆ ಆ ಮುಖದಲ್ಲಿ ಬೇರೆ ಬೇರೆ ಭಾವನೆ ಕಾಣುತ್ತದೆ ಎಂದು ತೋರಿಸಿಕೊಟ್ಟವನು ಅವನೇ. ಇದನ್ನು ಮೊದಲೇ ಹೇಳಿದ್ದರೆ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಟವೆಲಿನ ಶಾಟ್ ನೋಡಿದ ಮೇಲೆ ಹೇಳಿದರೆ ಪ್ರಶ್ನೆ ಕೇಳುತ್ತಾರೆ.

ಲೂಮಿಯೇರ್‌ಗಳದ್ದೂ ಮತ್ತೆ ಇಲ್ಲಿ ಬರುತ್ತದೆ. ಕೆಲಸಗಾರರು ಅವರ ಕಾರ್ಖಾನೆಯಿಂದ ಹೊರಗೆ ಬರುವ ಆ ಪ್ರಸಿದ್ಧ ಶಾಟ್ ಒಂದಲ್ಲ, ಮೂರು ಇವೆ. ಒಂದರಲ್ಲಿ ಒಂದು ಕುದುರೆಯ ಗಾಡಿ, ಇನ್ನೊಂದರಲ್ಲಿ ಎರಡು ಕುದುರೆ, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಮೂರನ್ನೂ ಒಂದರ ಹಿಂದೆ ಒಂದು ತೋರಿಸಿದರೆ ಮಕ್ಕಳೇ ಹೇಳುತ್ತಾರೆ: "ಹಾಗಾದ್ರೆ ಮತ್ತೆ ಮತ್ತೆ ಮಾಡ್ಸಿದಾರೆ!" ಇದ್ದದ್ದನ್ನು ಇದ್ದಹಾಗೆ ಹಿಡಿದದ್ದು ಎಂದು ನಾವು ಅಂದುಕೊಂಡ ಶಾಟಿನ ಹಿಂದೆಯೂ ಯಾರದೋ ತೀರ್ಮಾನ ಇರುತ್ತದೆ.

ಪಾಠ ಇಲ್ಲಿಗೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಮಕ್ಕಳು ಸುದ್ದಿಯೆಲ್ಲ ಸುಳ್ಳು ಎಂದುಕೊಂಡು ಮನೆಗೆ ಹೋಗುತ್ತಾರೆ. ಅದು ಇನ್ನೂ ಅಪಾಯ. ಹಾಗಾಗಿ ಎರಡೂ ತಂಡ ಸೇರಿ ಮೂರನೆಯ ಸುದ್ದಿ ಮಾಡಬೇಕು. ಅದರಲ್ಲಿ ಯಾವ ಶಾಟ್ ಯಾವಾಗ ತೆಗೆದದ್ದು, ಪಕ್ಕದಲ್ಲಿ ನಿಜವಾಗಿ ಏನಿತ್ತು ಎಂದು ಒಂದು ಹಾಳೆಯಲ್ಲಿ ಬರೆದಿರಬೇಕು. ಗೊತ್ತಿಲ್ಲದ್ದನ್ನು ವಾಪಸ್ ಹೋಗಿ ಕೇಳಬೇಕು. ಆ ವ್ಯಾಪಾರಿಯ ಹತ್ತಿರ ಹೋಗಿ "ಅಣ್ಣಾ, ಇವತ್ತು ವ್ಯಾಪಾರ ಹೇಗಿತ್ತು?" ಎಂದು ಕೇಳಿಕೊಂಡು ಬಂದವರು ಹೇಳಿದ್ದು: ಬೆಳಗ್ಗೆ ಪರವಾಗಿಲ್ಲ, ಮಧ್ಯಾಹ್ನದ ಮೇಲೆ ಇಲ್ಲ. ಮೂರನೇ ಸುದ್ದಿ ಅಷ್ಟೇನೂ ಅಬ್ಬರದ್ದಾಗಿರಲಿಲ್ಲ. ಆದರೆ ಅದನ್ನು ಆ ವ್ಯಾಪಾರಿಗೆ ತೋರಿಸಲು ಮಕ್ಕಳಿಗೆ ಮುಜುಗರ ಇರಲಿಲ್ಲ. ಕೈಯಾರೆ ಕತ್ತರಿಸಿ ನೋಡಿದವರು ಮುಂದೆ ಫಾರ್ವರ್ಡ್ ಆಗಿ ಬಂದ ವಿಡಿಯೊ ಕಂಡಾಗ ಇದರ ಹಿಂದಿನ ಶಾಟ್ ಎಲ್ಲಿ, ಯಾರು ಹಿಡಿದದ್ದು ಎಂದು ಕೇಳುತ್ತಾರೆ.

ನಿಮ್ಮ ಶಾಲೆಯಲ್ಲಿ ಇದನ್ನು ಮಾಡುವುದಾದರೆ ಬೇಕಾದ್ದು ಕಡಿಮೆ. ಕಿಟಕಿಗೆ ಕಂಬಳಿ ಕಟ್ಟಿದ ಒಂದು ಕೋಣೆ, ಒಂದು ಪ್ರೊಜೆಕ್ಟರ್, ಗೋಡೆಗೆ ಬಿಳಿ ಪಂಚೆ. ಯಾರನ್ನೇ ಚಿತ್ರಿಸುವ ಮೊದಲು ಅವರ ಒಪ್ಪಿಗೆ ಕೇಳಿ, ಮಕ್ಕಳ ಮುಖ ಯಾರ ಸ್ಟೇಟಸ್ಸಿಗೂ ಹೋಗದ ಹಾಗೆ ನೋಡಿಕೊಳ್ಳಿ. ಚಿತ್ರದಲ್ಲಿ ಕಾಣಿಸಿಕೊಂಡವರನ್ನು ಕೊನೆಯ ಸಂಜೆ ಪ್ರದರ್ಶನಕ್ಕೆ ಕರೆಯಿರಿ, ಅವರಿಗೆ ಮುಂದಿನ ಸಾಲು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹೊಸ ಕ್ಯಾಮೆರಾಕ್ಕೆ ಹಾಕಬೇಡಿ, ಒಳ್ಳೆಯ ಸ್ಪೀಕರಿಗೆ ಹಾಕಿ. ಮೆಟ್ಟುಗತ್ತಿಗೆ ಅಡಿಕೆ ಒತ್ತುವ ಸದ್ದು ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಹಿಂದಿನ ಬೆಂಚಿಗೆ ಕೇಳುವುದಿಲ್ಲ.