ಮಾಲು ನೋಡಿ ಬೆಲೆ ಕಟ್ಟಿ: ಮನೆಯಲ್ಲೇ ಕುಳಿತು ಪದವಿ ಓದುವವರಿಗೆ

ದಾವಣಗೆರೆಯ ಎ.ಪಿ.ಎಂ.ಸಿ. ಪ್ರಾಂಗಣದ ಮೆಕ್ಕೆಜೋಳದ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುವವಳು. ಹದಿನೇಳು ವರ್ಷವಾಯಿತು. ಬಿ.ಕಾಂ. ಮುಗಿದ ಮರುವರ್ಷವೇ ಮದುವೆ, ಆಮೇಲೆ ಮಕ್ಕಳು, ಎಂ.ಕಾಂ. ಆಸೆ ಅಂಕಪಟ್ಟಿಗಳ ಜೊತೆಗೆ ಟ್ರಂಕು ಸೇರಿತು. 2022ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಕಾಂ.ಗೆ ಸೇರಿ ಎರಡು ವರ್ಷದಲ್ಲಿ ಮುಗಿಸಿದೆ. ಅಂದಿನಿಂದ ಮಂಡಿಗೆ ಬರುವ ರೈತರ ಮಕ್ಕಳು, ಹಮಾಲರ ಸೊಸೆಯಂದಿರು, ಪಕ್ಕದ ಅಂಗಡಿಯ ಗುಮಾಸ್ತರು ಎಲ್ಲರೂ ‘ಅಕ್ಕಾ, ಅದು ಹೇಗೆ?’ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ತೂಕದ ಯಂತ್ರದ ಪಕ್ಕ ನಿಂತು ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ಮೊದಲು ನನ್ನ ನಷ್ಟದ ಲೆಕ್ಕ. ಸೇರುವ ಹಿಂದಿನ ವರ್ಷ ‘ಅಧ್ಯಯನ ಕೇಂದ್ರ’ ಎಂಬ ಫಲಕ ಹಾಕಿದ್ದ ಒಂದು ಕೋಣೆಗೆ ಹೋಗಿ 8,000 ರೂಪಾಯಿ ಕೊಟ್ಟು ಬಂದೆ. ರಸೀದಿಯಲ್ಲಿ ಆ ಕೇಂದ್ರದ ಹೆಸರಿತ್ತು, ವಿಶ್ವವಿದ್ಯಾಲಯದ ಹೆಸರಿರಲಿಲ್ಲ. ದಿನವಿಡೀ ಚೀಟಿ ನೋಡುವ ನಾನು ಆ ಚೀಟಿಯನ್ನು ಮಾತ್ರ ನೋಡದೆ ಮಡಚಿ ಪರ್ಸಿಗೆ ಹಾಕಿಕೊಂಡಿದ್ದೆ. ಮೂರು ತಿಂಗಳು ಬಿಟ್ಟು ಹೋದರೆ ಅಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಮಂಡಿಯಲ್ಲಿ ದಲ್ಲಾಲಿ ಇಲ್ಲದೆ ವ್ಯವಹಾರವಿಲ್ಲ, ನಿಜ. ಆದರೆ ಪದವಿಯ ವ್ಯವಹಾರದಲ್ಲಿ ದಲ್ಲಾಲಿಗೆ ಜಾಗವೇ ಇಲ್ಲ. ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಆಯೋಗವಾದ ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ ದೂರ ಶಿಕ್ಷಣವನ್ನಾಗಲಿ ಆನ್‌ಲೈನ್ ಪದವಿಯನ್ನಾಗಲಿ ಫ್ರಾಂಚೈಸಿ ಕೊಟ್ಟು ನಡೆಸುವಂತಿಲ್ಲ. ಅರ್ಜಿ, ದಾಖಲೆ, ಹಣ ಮೂರೂ ನಿಮ್ಮಿಂದ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ‘ನಮ್ಮ ಫೋನ್ ಪೇ ನಂಬರಿಗೆ ಹಾಕಿ, ಸೀಟು ಹಿಡಿದಿಡುತ್ತೇವೆ’ ಎಂದವರಿಗೆ ದೂರದಿಂದಲೇ ಕೈಮುಗಿಯಿರಿ.

ಹಾಗಾದರೆ ಯಾವ ವಿಶ್ವವಿದ್ಯಾಲಯ? ಹೆಸರು ದೊಡ್ಡದು ಎಂಬುದು ಸಾಲದು. ಯುಜಿಸಿಯ ದೂರ ಶಿಕ್ಷಣ ಬ್ಯೂರೋದ (ಡಿಇಬಿ) ಜಾಲತಾಣದಲ್ಲಿ ಯಾವ ಸಂಸ್ಥೆಗೆ, ಯಾವ ಕೋರ್ಸಿಗೆ, ಯಾವ ವರ್ಷದ ಯಾವ ಪ್ರವೇಶಕ್ಕೆ ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ. ಮೂರನ್ನೂ ತಾಳೆ ನೋಡಿ. ಕಳೆದ ವರ್ಷ ಇದ್ದದ್ದು ಈ ವರ್ಷವೂ ಇರಬೇಕೆಂದಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯೇ ಕೆಲವು ವರ್ಷ ತಪ್ಪಿಹೋಗಿ 2018ರಲ್ಲಿ ಮರಳಿದ್ದು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇನ್ನೂ ನೆನಪಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು, ಕೃಷಿ ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡುವಂತೆಯೇ ಇಲ್ಲ. ಕೊಡಿಸುತ್ತೇವೆ ಎಂದವರ ಜೊತೆ ಚಹಾವನ್ನೂ ಕುಡಿಯಬೇಡಿ. ಅನುಮತಿ ಇರುವ ಆನ್‌ಲೈನ್ ಪದವಿ ಮಾತ್ರ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ, ಹಾಗೆಂದು ನಿಯಮಾವಳಿಯಲ್ಲೇ ಇದೆ. ಪಟ್ಟಿಯ ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ನಾಳೆ ಕೆಲಸ ಕೊಡುವವರು ಕೇಳಿದಾಗ ಬಾಯಿಮಾತಿಗಿಂತ ಅದು ಭಾರ.

ಆನ್‌ಲೈನ್ ಬೇರೆ, ದೂರ ಶಿಕ್ಷಣ ಬೇರೆ ಎಂಬುದನ್ನು ಅನೇಕರು ಕಲಸಿಕೊಳ್ಳುತ್ತಾರೆ. ದೂರ ಶಿಕ್ಷಣದಲ್ಲಿ ಅಚ್ಚಾದ ಪುಸ್ತಕ, ಕೆಲವು ದಿನ ಸಂಪರ್ಕ ತರಗತಿ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ. ಆನ್‌ಲೈನ್‌ನಲ್ಲಿ ಪಾಠದಿಂದ ಹಿಡಿದು ಎಲ್ಲವೂ ತೆರೆಯ ಮೇಲೆ. ಮೊಬೈಲಿನಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ ಎನ್ನುವವರು, ಕನ್ನಡದಲ್ಲೇ ಓದಬೇಕೆನ್ನುವವರು ಮುಕ್ತ ವಿಶ್ವವಿದ್ಯಾಲಯದ ದಾರಿ ಹಿಡಿಯುವುದು ಒಳ್ಳೆಯದು. ಅದರ ಪ್ರಾದೇಶಿಕ ಕೇಂದ್ರ ನಮ್ಮ ದಾವಣಗೆರೆಯಲ್ಲೇ ಇದೆ, ಹೋಗಿ ಎದುರಾಎದುರು ಕೇಳಬಹುದು. ನಾನು ಆನ್‌ಲೈನ್ ಆರಿಸಿಕೊಂಡದ್ದು ಒಂದೇ ಕಾರಣಕ್ಕೆ: ಅಕ್ಟೋಬರ್‌ನಲ್ಲಿ ಜೋಳದ ಆವಕ ಶುರುವಾದರೆ ಭಾನುವಾರ ಕೂಡ ನನ್ನದಲ್ಲ.

ಇನ್ನು, ಇಡೀ ಪದವಿಗೆ ಹಣ ಕಟ್ಟುವ ಮೊದಲು ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಳ್ಳಿ. ಖರೀದಿದಾರರು ಚೀಲದಿಂದ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ತೇವ ನೋಡುವುದಿಲ್ಲವೇ, ಹಾಗೆ. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ 2017ರಿಂದ ನಡೆಯುತ್ತಿದೆ. ಅಲ್ಲಿ ಕೋರ್ಸಿಗೆ ಸೇರಿ ಪಾಠ ಕೇಳುವುದಕ್ಕೆ ಹಣವಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ನಾನು ಅಲ್ಲಿ ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನವರ 8 ವಾರಗಳ ಕೋರ್ಸೊಂದನ್ನು ತೆಗೆದುಕೊಂಡಾಗ ಶುಲ್ಕ 1,000 ರೂಪಾಯಿ ಇತ್ತು. ವಾರಕ್ಕೊಂದು ಅಸೈನ್‌ಮೆಂಟ್, ಎಂಟರಲ್ಲಿ ಚೆನ್ನಾಗಿ ಬಂದ ಆರನ್ನು ಲೆಕ್ಕಕ್ಕೆ ಹಿಡಿದು 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೂರನೆಯ ವಾರಕ್ಕೆ ನನ್ನ ಬಂಡವಾಳ ಬಯಲಾಯಿತು. ರಾತ್ರಿ ಹತ್ತಕ್ಕೆ ಪಾಠ ಹಾಕಿದರೆ ಹತ್ತೂಕಾಲಿಗೆ ಗೊರಕೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದರೆ ಒಂದು ಗಂಟೆಯ ಪಾಠ ಸಲೀಸಾಗಿ ಇಳಿಯುತ್ತಿತ್ತು. ನಾನು ಬೆಳಗಿನವಳು ಎಂಬುದು ಆ ಸಾವಿರ ರೂಪಾಯಿಗೆ ತಿಳಿಯಿತು. ಎಂಟು ವಾರ ತಾಳದವರು ನಾಲ್ಕು ಸೆಮಿಸ್ಟರ್‌ಗೆ ಹಣ ಕಟ್ಟುವ ಮುನ್ನ ಇನ್ನೊಮ್ಮೆ ಯೋಚಿಸಲಿ.

ಕಾಗದಪತ್ರದ ಮಾತಿಗೆ ಬರುತ್ತೇನೆ. ಎಲ್ಲರೂ ಎಡವುವುದು ಇಲ್ಲಿಯೇ. ಡಿಜಿಲಾಕರ್‌ನಲ್ಲಿ 12 ಅಂಕಿಯ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಸಂಖ್ಯೆ ಮಾಡಿಸಿಕೊಳ್ಳಬೇಕು. ಪಾಸಾದ ಒಂದೊಂದು ವಿಷಯಕ್ಕೂ ನೀವು ಗಳಿಸುವ ಕ್ರೆಡಿಟ್‌ಗಳು ಜಮೆಯಾಗುವ ಖಾತೆ ಅದು. 2024ರಿಂದ ಅದರ ಜೊತೆಗೆ ದೂರ ಶಿಕ್ಷಣ ಬ್ಯೂರೋದ ಗುರುತಿನ ಸಂಖ್ಯೆಯಾದ ಡಿಇಬಿ ಐಡಿಯನ್ನೂ ಕಡ್ಡಾಯ ಮಾಡಿದ್ದಾರೆ. ನನಗೆ ಅದು ಬೇಕಾಗಿರಲಿಲ್ಲ. ತಂಗಿಯ ಮಗಳಿಗೆ ನಾನೇ ಕುಳಿತು ಮಾಡಿಸಿದೆ. ಮಾಡಲು ಕಷ್ಟವೇನಿಲ್ಲ, ಹೆಸರು ಹೊಂದಿದರೆ ಸರಿ. ಎಬಿಸಿ ಮಾಡಿಸುವಾಗ ನನ್ನದು ಹೊಂದಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿಗೆ ಮೊದಲು ತವರೂರಿನ ಮತ್ತು ಅಪ್ಪನ ಹೆಸರಿನ ಇನಿಶಿಯಲ್ಲುಗಳು. ಆಧಾರ್‌ನಲ್ಲಿ ನನ್ನ ಹೆಸರಾದ ಮೇಲೆ ಯಜಮಾನರ ಹೆಸರು. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಹೆಂಗಸರು. ನಮ್ಮ ಸೀಮೆಯ ಮದುವೆಯಾದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಗೆ ಈ ತೊಡಕು ಕಾದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆಯೇ ಆಧಾರ್ ತಿದ್ದಿಸಿ. ಅಕ್ಷರ ಅಕ್ಷರ ನೋಡಿ ಒಪ್ಪಿಗೆ ಕೊಡಿ, ಏಕೆಂದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ. ಈ ಕೆಲಸವನ್ನು ಪ್ರವೇಶದ ಕೊನೆಯ ವಾರಕ್ಕೆ ಉಳಿಸಿಕೊಂಡರೆ ಆ ವರ್ಷ ಹೋದಂತೆಯೇ.

ಶುಲ್ಕ ಕೇಳುವಾಗ ‘ಒಟ್ಟು ಎಷ್ಟು?’ ಎಂದಷ್ಟೇ ಕೇಳಬೇಡಿ. ನೋಂದಣಿ, ಪರೀಕ್ಷೆ, ಉಳಿದ ವಿಷಯ ಮತ್ತೆ ಬರೆದರೆ, ಕೊನೆಗೆ ಘಟಿಕೋತ್ಸವ ಎಂದು ಬಿಡಿಬಿಡಿಯಾಗಿ ಕೇಳಿ, ಉತ್ತರ ಇಮೇಲ್‌ನಲ್ಲಿ ಬರಲಿ.

ಮನೆಯ ಮಾತು ಹೇಳದೆ ಮುಂದೆ ಹೋಗಲಾರೆ. ಕಾಲೇಜಿಗೆ ಹೋಗುವವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಓದಲು ಹೊರಟಳೆಂದು ಬೀದಿಗೆಲ್ಲ ಕಾಣುತ್ತದೆ. ಆನ್‌ಲೈನ್ ಓದುವವಳು ಕಾಣುವುದೇ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲ್ ಹಿಡಿದು ಕುಳಿತ ನನ್ನನ್ನು ನಮ್ಮ ಅತ್ತೆ ಒಂದು ತಿಂಗಳು ನೋಡಿದರು. ಆಮೇಲೆ ನೆಂಟರೊಬ್ಬರ ಎದುರು, ‘ಈ ವಯಸ್ಸಿನಲ್ಲಿ ಇವಳಿಗೆ ಸೀರಿಯಲ್ಲಿನ ಹುಚ್ಚು’ ಎಂದರು. ಮರುದಿನವೇ ಯಜಮಾನರ ಸ್ನೇಹಿತರಿಂದ 17,000 ರೂಪಾಯಿಗೆ ಹಳೆಯ ಲ್ಯಾಪ್‌ಟಾಪ್ ತಂದೆ, ನಡುಮನೆಯ ಕಿಟಕಿಯ ಬಳಿ ಮೇಜು ಹಾಕಿದೆ, 200 ಪುಟದ ನೋಟುಪುಸ್ತಕದಲ್ಲಿ ಪೆನ್ನು ಹಿಡಿದು ಬರೆಯತೊಡಗಿದೆ. ಪಾಠ ಅದೇ. ಆದರೆ ಬರೆಯುತ್ತಿರುವವಳನ್ನು ಯಾರೂ ಒಗ್ಗರಣೆ ಹಾಕಲು ಕರೆಯಲಿಲ್ಲ. ಲ್ಯಾಪ್‌ಟಾಪ್ ಪರೀಕ್ಷೆಗೆ ಹೇಗೂ ಬೇಕಾಗುತ್ತದೆ. ಓದಲು ಮೊಬೈಲ್ ಸಾಕೆಂದು ಅದನ್ನು ಮುಂದೂಡಬೇಡಿ.

ತಾರೀಖುಗಳನ್ನು ಊರಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಅಸೈನ್‌ಮೆಂಟ್ ಸಲ್ಲಿಸುವ ಗಡುವು ರಾತ್ರಿ 11:59 ಎಂದರೆ ಹನ್ನೆರಡಕ್ಕೆ ಬಾಗಿಲು ಹಾಕಿತೆಂದೇ ಅರ್ಥ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಆ ವಾರ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನೆಂಟರಿಗೆ ಬಡಿಸುವುದೇ ಒಂದು ಕೋರ್ಸು. ಆ ತಿಂಗಳು ಬರಬಹುದಾದ ಪಾಠಗಳನ್ನು ಮುಂಚೆಯೇ ಮುಗಿಸಿಕೊಂಡೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಕಲಿಕಾ ಚಟುವಟಿಕೆಗಳಲ್ಲಿ 75 ಪ್ರತಿಶತ ಭಾಗವಹಿಸದವರಿಗೆ ಪರೀಕ್ಷೆಗೆ ಅವಕಾಶವಿರಲಿಲ್ಲ. ವಿಡಿಯೊ ಓಡಲು ಬಿಟ್ಟು ಪಾತ್ರೆ ತೊಳೆದರೆ ಹಾಜರಿಯೇನೋ ಬೀಳುತ್ತದೆ, ಪಾಠದ ಕೊನೆಯ ಪ್ರಶ್ನೆಗಳಲ್ಲಿ ಸಿಕ್ಕಿಬೀಳುತ್ತೀರಿ. ನಾನು ಸಿಕ್ಕಿಬಿದ್ದಿದ್ದೇನೆ.

ಪರೀಕ್ಷೆ ನಮಗೆ ಮನೆಯಿಂದಲೇ ಇತ್ತು, ಕ್ಯಾಮೆರಾದ ಕಾವಲಿನಲ್ಲಿ. ಶುರುವಿಗೆ ಗುರುತಿನ ಚೀಟಿ ತೋರಿಸಿ, ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ, ಮೇಜಿನ ಅಡಿ ತೋರಿಸಬೇಕು. ಆಮೇಲೆ ಮುಖ ತೆರೆಯಿಂದ ಆಚೀಚೆ ಹೋದರೆ ಎಚ್ಚರಿಕೆ, ಇನ್ನೊಬ್ಬರ ದನಿ ಕೇಳಿದರೂ ಎಚ್ಚರಿಕೆ. ಮೊದಲ ಪತ್ರಿಕೆಯ ನಡುವೆ ಬೀದಿಯಲ್ಲಿ ಮಂಡಕ್ಕಿ ಮಾರುವವನು ಕೂಗಿದ, ನನಗೊಂದು ಎಚ್ಚರಿಕೆ ಬಂತು. ಎರಡನೆಯ ಪತ್ರಿಕೆಗೆ ಮಹಡಿಯ ಮೇಲಿನ ಕೋಣೆಗೆ ಹೋದೆ. ಅಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯಿತು, ವೈಫೈ ಉಳಿಯಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಮತ್ತೆ ಒಳಗೆ ಹೋಗುವಷ್ಟರಲ್ಲಿ ಏಳು ನಿಮಿಷ ಕಳೆದಿತ್ತು. ಆದ್ದರಿಂದ ಅಣಕು ಪರೀಕ್ಷೆ ಕೊಟ್ಟರೆ ತಪ್ಪಿಸಬೇಡಿ, ಅದನ್ನು ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಬರೆಯಿರಿ. ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಮೊಬೈಲನ್ನು ಬಾಗಿಲಾಚೆ ಹಾಟ್‌ಸ್ಪಾಟ್ ಹಾಕಿಯೇ ಇಡಿ. ಸಂಪರ್ಕ ಕಡಿದರೆ ಆ ತೆರೆಯ ಫೋಟೊ ತೆಗೆದು, ಸಮಯ ಬರೆದು, ಅಂದೇ ಸಹಾಯವಾಣಿಗೆ ಕಳಿಸಿ ದೂರಿನ ಸಂಖ್ಯೆ ಪಡೆಯಿರಿ. ಚೀಟಿ ಇಲ್ಲದ ದೂರು ದೂರೇ ಅಲ್ಲ.

ಫಲಿತಾಂಶ ಬಂದ ಮೇಲೆ ಎಬಿಸಿ ಖಾತೆಯಲ್ಲಿ ಕ್ರೆಡಿಟ್ ಜಮೆಯಾಗಿದೆಯೇ ನೋಡಿ, ಪದವಿ ಪ್ರಮಾಣಪತ್ರಕ್ಕೆ ಬೇರೆ ಅರ್ಜಿ ಇದ್ದರೆ ಹಾಕಿ. ನನ್ನದು ಸ್ಪೀಡ್ ಪೋಸ್ಟ್‌ನಲ್ಲಿ ಬಂತು, ಎಸ್ಸೆಸ್ಸೆಲ್ಸಿಯ ಹೆಸರಿನಲ್ಲಿ, ಎರಡೂ ಇನಿಶಿಯಲ್ಲುಗಳ ಸಮೇತ. ನಮ್ಮ ಬೀದಿಯಲ್ಲಿ ನಾನು ಇಂಥವರ ಹೆಂಡತಿ, ಇಂಥವರ ಸೊಸೆ, ಅಷ್ಟೇ. ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಪಕ್ಕದ ಮನೆಯ ಹುಡುಗ ಅಂಚೆಯಣ್ಣನನ್ನು ವಾಪಸು ಕಳಿಸಿದ್ದ. ಮರುದಿನ ಅಂಚೆ ಕಚೇರಿಗೆ ಹೋಗಿ ಬಿಡಿಸಿಕೊಂಡೆ. ನೀವು ವಿಳಾಸದಲ್ಲಿ ಕೆಲಸ ಮಾಡುವ ಅಂಗಡಿಯ ಹೆಸರು, ಮೊಬೈಲ್ ಸಂಖ್ಯೆ ಎರಡನ್ನೂ ಬರೆಯಿರಿ.