ಸಂಬಳ ಮೊದಲು, ಮುಖ ಕೊನೆಗೆ: ಪ್ರಿನ್ಸಿಪಾಲ್ ಆಯ್ಕೆಯಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ ಪಠ್ಯಕ್ರಮದ) ಶಾಲೆಯಲ್ಲಿ ಹಿರಿಯ ಹುದ್ದೆಗಳ ನೇಮಕಾತಿ ನನ್ನ ಜವಾಬ್ದಾರಿ. ಅಭ್ಯರ್ಥಿ ಯಾರು, ಯಾವ ದೇಶದವರು ಎಂದು ನೋಡದೆ ಕೆಲಸ ನೋಡಿ ಆರಿಸುವ ಕ್ರಮ ಶುರು ಮಾಡಿದಾಗ ಟ್ರಸ್ಟಿಯೊಬ್ಬರು, "ಮೇಡಂ, ಪೇರೆಂಟ್ಸ್ ಅಷ್ಟು ಫೀಸು ಕಟ್ಟೋದೇ ಫಾರಿನ್ ಪ್ರಿನ್ಸಿಪಾಲ್ ಇದ್ದಾರೆ ಅಂತ" ಎಂದು ಮುಖಕ್ಕೇ ಹೇಳಿದ್ದರು. ಈಗ ಬೇರೆ ಶಾಲೆಗಳ ಎಚ್‌ಆರ್‌ನವರು ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಇದು.

ಮುಖ್ಯಸ್ಥರು ಇಂಥ ದೇಶದವರೇ ಆಗಬೇಕೆಂದು ಐಬಿ ಹೇಳುವುದಿಲ್ಲ. 1976ರಲ್ಲಿ ಕೊಡೈಕೆನಾಲ್ ಶಾಲೆಗೆ ಐಬಿ ಬಂದಾಗಿನಿಂದ ಅದನ್ನು ಕಲಿಸುತ್ತ ಬೆಳೆದವರು ಈ ದೇಶದಲ್ಲೇ ಎಷ್ಟೋ ಜನ ಇದ್ದಾರೆ. ಅವರು ಕೋಆರ್ಡಿನೇಟರ್ ಮಟ್ಟದಲ್ಲೇ ನಿಂತುಬಿಡುತ್ತಿದ್ದರು, ಅದೇ ನನಗೆ ಸಂಕಟ.

ಮೊದಲ ವರ್ಷ ಹೆಸರು, ಫೋಟೋ, ವಯಸ್ಸು, ಪಾಸ್‌ಪೋರ್ಟ್ ವಿವರ ಅಳಿಸಿ ಸಿವಿಗಳನ್ನು ಬೋರ್ಡಿಗೆ, ಅಂದರೆ ಶಾಲೆಯ ಆಡಳಿತ ಮಂಡಳಿಗೆ, ಕಳಿಸಿದೆವು. ಏನೂ ಉಪಯೋಗವಾಗಲಿಲ್ಲ. ಪಿಜಿಸಿಇ ಎಂದಿದ್ದರೆ ಇಂಗ್ಲೆಂಡಿನವರು, ಬಿ.ಎಡ್. ಎಂದಿದ್ದರೆ ಇಲ್ಲಿಯವರು, ಅರ್ಧ ನಿಮಿಷದಲ್ಲಿ ಎಲ್ಲ ಬಯಲು. ಶಾರ್ಟ್‌ಲಿಸ್ಟ್ ಹಿಂದಿನ ವರ್ಷದ ಹಾಗೇ ಬಂತು. ಶಿಫಾರಸು ಪತ್ರಗಳದ್ದು ಇನ್ನೊಂದು ಕಥೆ. ಹೊರಗಿನವರ ಪತ್ರದಲ್ಲಿ ಹೊಗಳಿಕೆ ಧಾರಾಳ, ನಮ್ಮವರ ಪತ್ರದಲ್ಲಿ "ಪ್ರಾಮಾಣಿಕರು, ಶ್ರಮಜೀವಿ" ಎಂಬೆರಡು ಸಾಲು. ಪತ್ರ ತರಿಸುವುದನ್ನೇ ನಿಲ್ಲಿಸಿ, ಶಿಫಾರಸು ಮಾಡುವ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳತೊಡಗಿದೆ.

ಮುಂದಿನ ವರ್ಷ ಬೋರ್ಡಿಗೆ ಸಿವಿಯನ್ನೇ ಕೊಡಲಿಲ್ಲ. ಅರ್ಹತೆ ಇದೆಯೋ ಇಲ್ಲವೋ ಎಂದು ಆಫೀಸಿನಲ್ಲೇ ನೋಡಿ ಮುಗಿಸಿದೆವು. ಬೋರ್ಡಿನ ಕೈಗೆ ಹೋದದ್ದು ಅಭ್ಯರ್ಥಿಗಳು ಟೈಪ್ ಮಾಡಿದ ಉತ್ತರ ಮಾತ್ರ. ಉತ್ತರಿಸಲು ಅವರಿಗೆ ಕೊಟ್ಟದ್ದು: ಹೈಯರ್ ಲೆವೆಲ್ (ಹೆಚ್ಚು ಆಳವಾಗಿ ಕಲಿಯುವ) ವಿಷಯಗಳು ಡಿಕ್ಕಿ ಹೊಡೆಯುವ ಒಂದು ಡಿಪಿ (ಐಬಿಯ ಕೊನೆಯ ಎರಡು ವರ್ಷದ ಡಿಪ್ಲೊಮಾ) ಟೈಮ್‌ಟೇಬಲ್, ಹತ್ತು ಪರ್ಸೆಂಟ್ ಕಡಿತವಾದ ಬಜೆಟ್, ಒಂದು ಪಾಠದ ವಿಡಿಯೋ, ಸಿಟ್ಟಿಗೆದ್ದ ಪೋಷಕರ ಒಂದು ಮೇಲ್. ಆ ಮೇಲ್‌ನಲ್ಲಿ ಒಂದು ಸಾಲಿದೆ, ಅದನ್ನು ಹಿಡಿದವರು ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತಾರೆ. ಅದನ್ನಿಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದೆ ಅರ್ಜಿ ಹಾಕುವವರೂ ಇದನ್ನು ಓದುತ್ತಾರೆ. ಅಂಕಗಳ ತೂಕವೂ ನಮ್ಮಲ್ಲೇ ಇರಲಿ. ಆದರೆ ಒಂದು ನಿಯಮ ಮಾತ್ರ ಬಿಡಬೇಡಿ. ಎಲ್ಲರೂ ಅಂಕದ ಹಾಳೆ ಒಪ್ಪಿಸುವವರೆಗೆ ಯಾರೂ ಯಾರೊಂದಿಗೂ ಮಾತಾಡಕೂಡದು.

ನಡುವೆ ಒಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಹಳೆಯ ಒಂದು ಒಳ್ಳೆಯ ಉತ್ತರವನ್ನು ಲಂಡನ್ನಿನ ಸಹೋದ್ಯೋಗಿಯಿಂದಲೂ ಹುಬ್ಬಳ್ಳಿಯವರಿಂದಲೂ ಓದಿಸಿ, ರೆಕಾರ್ಡ್ ಮಾಡಿ, ಬೋರ್ಡಿನ ಎರಡು ಗುಂಪುಗಳಿಗೆ ಒಂದೊಂದು ಕೇಳಿಸಿದೆ. ಹತ್ತಕ್ಕೆ ಸುಮಾರು ಎರಡು ಅಂಕ ವ್ಯತ್ಯಾಸ ಬಂತು. ಐದಾರು ಜನ ಕೇಳಿದ್ದರಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ನಿಜ. ಆದರೂ ಆ ಹಾಳೆಗಳನ್ನು ಮೇಜಿನ ಮೇಲಿಟ್ಟ ಮೇಲೆ "ನಮ್ಮ ವಾತಾವರಣಕ್ಕೆ ಹೊಂದುತ್ತಾರಾ" ಎಂಬ ಮಾತು ಬೋರ್ಡಿನಲ್ಲಿ ಮತ್ತೆ ಬರಲಿಲ್ಲ.

ಇನ್ನು ದುಡ್ಡು. ಜಗಳವೆಲ್ಲ ನಡೆದದ್ದು ಇಲ್ಲೇ. ಹೊರದೇಶದಿಂದ ಪ್ರಿನ್ಸಿಪಾಲ್ ಬಂದರೆ ಮನೆ, ವಿಮಾನ, ಮಕ್ಕಳ ಫೀಸು, ಸಾಮಾನು ಸಾಗಣೆ ಎಲ್ಲ ಸೇರಿ ನಮಗೆ ವರ್ಷಕ್ಕೆ ಕೋಟಿ ದಾಟುತ್ತಿತ್ತು. ಏಜೆನ್ಸಿಗೆ ಮೊದಲ ವರ್ಷದ ಸಂಬಳದ ಕಾಲು ಭಾಗದ ಹತ್ತಿರ. ಪಿಎಫ್ ಬೇರೆ. 2008ರಿಂದ ವಿದೇಶಿ ನೌಕರರಿಗೆ, ಉಳಿದವರಿಗಿರುವ ಸಂಬಳದ ಮಿತಿ ಇಲ್ಲದೆ, ಪೂರ್ತಿ ಸಂಬಳದ ಮೇಲೆ ಕಟ್ಟಬೇಕಿತ್ತು. ಸ್ಟೋನ್‌ಹಿಲ್ ಎಜುಕೇಷನ್ ಫೌಂಡೇಷನ್ ಮತ್ತಿತರರ ಅರ್ಜಿಯ ಮೇಲೆ 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಈಗಿನ ಸ್ಥಿತಿ ಏನೆಂದು ನಿಮ್ಮ ಆಡಿಟರನ್ನು ಕೇಳಿಕೊಳ್ಳಿ. ಇದೇ ಹುದ್ದೆಗೆ ಇಲ್ಲಿಯವರಾದರೆ ಅರ್ಧ ಕೊಟ್ಟರೆ ಸಾಕು ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಅರ್ಜಿ ಕರೆಯುವ ಮೊದಲೇ ಹುದ್ದೆಯ ಮೂಲ ವೇತನ ನಿಗದಿಯಾಗಬೇಕು, ಜಾಹೀರಾತಿನಲ್ಲೇ ಅಚ್ಚಾಗಬೇಕು ಎಂದು ಪಟ್ಟು ಹಿಡಿದೆ. ಅರ್ಧ ಸಂಬಳಕ್ಕೆ ತಂದ ಪ್ರಿನ್ಸಿಪಾಲರನ್ನು ಬೋರ್ಡು ಅರ್ಧ ಪ್ರಿನ್ಸಿಪಾಲರಂತೆಯೇ ನೋಡುತ್ತದೆ.

ಬಿಳಿಯರು, ಕಂದು ಬಣ್ಣದವರು ಎಂಬಲ್ಲಿಗೆ ಈ ಮಾತು ಮುಗಿಯುವುದಿಲ್ಲ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲೇ ತೋರಿಸಿದ್ದರು: ಅರ್ಹತೆ ಒಂದೇ ಇದ್ದರೂ ದಲಿತ, ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಖಾಸಗಿ ಕಂಪನಿಗಳಿಂದ ಕರೆ ಬರುವ ಸಾಧ್ಯತೆ ಕಡಿಮೆ. ನಮ್ಮಲ್ಲೂ ಭಾರತೀಯ ಅಭ್ಯರ್ಥಿಗಳ ಸರದಿ ಬಂದ ಕೂಡಲೇ "ಯಾವ ಊರಿನವರು, ಮನೆತನ ಯಾವುದು" ಶುರುವಾಯಿತು. ಹಾಗಾಗಿ ಅಂತಿಮ ಸಂದರ್ಶನದವರೆಗೂ ಎಲ್ಲರಿಗೂ ನಂಬರ್ ಮಾತ್ರ.

ಈ ಕ್ರಮದಲ್ಲಿ ಬಂದ ಸೆಕೆಂಡರಿ ಪ್ರಿನ್ಸಿಪಾಲ್ ಪುಣೆಯಲ್ಲೂ ಪೂರ್ವ ಆಫ್ರಿಕಾದಲ್ಲೂ ಡಿಪಿ ಕಲಿಸಿದ ಧಾರವಾಡ ಕಡೆಯ ಹೆಣ್ಣುಮಗಳು. ಡಿಪಿ ಕೋಆರ್ಡಿನೇಟರ್ ಹುದ್ದೆಗೆ ಇದೇ ಪರೀಕ್ಷೆಯಲ್ಲಿ ಗೆದ್ದವರು ಒಬ್ಬ ಇಂಗ್ಲಿಷರು. ಪೇರೆಂಟ್ಸ್ ಬಿಟ್ಟುಹೋಗುತ್ತಾರೆ ಎಂದಿದ್ದರಲ್ಲ, ಆ ವರ್ಷ ಟಿಸಿ ತೆಗೆದುಕೊಂಡವರು ಎಂದಿನಷ್ಟೇ. ಹಿರಿಯ ಶಿಕ್ಷಕರು ಬಿಡುವುದು ಮಾತ್ರ ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಮೇಲೇರುವ ದಾರಿ ಅವರಿಗೂ ಕಂಡಿದೆ.

ಮಾಡುವುದಾದರೆ ಪ್ರಶ್ನೆಗಳನ್ನು ಅಕ್ಟೋಬರ್‌ನೊಳಗೆ ಸಿದ್ಧ ಮಾಡಿಟ್ಟುಕೊಳ್ಳಿ. ಜನವರಿ ಹೊತ್ತಿಗೆ ಒಳ್ಳೆಯವರು ಬೇರೆ ಕಡೆ ಸಹಿ ಹಾಕಿರುತ್ತಾರೆ.